ಜ್ವರ ಇಳಿದ ಮೇಲೆ ಕೊಟ್ಟ ಮಾತ್ರೆ

ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದ ನನ್ನ ತಮ್ಮ ಕಳೆದ ಮಳೆಗಾಲದಲ್ಲಿ ಚಳಿಜ್ವರ ಹೊತ್ತುಕೊಂಡೇ ಊರಿಗೆ ಬಂದ. ನಮ್ಮದು ಜಗಳೂರು ಕಡೆಯ ಹಳ್ಳಿ. ಮಂಗಳೂರಲ್ಲಿ ಜ್ವರ ಬಂದಾಗಲೆಲ್ಲ ಪ್ಯಾರಾಸಿಟಮಾಲ್ ನುಂಗಿ ಕೆಲಸಕ್ಕೆ ಹೋಗುತ್ತಿದ್ದನಂತೆ. ಮನೆಗೆ ಬಂದ ರಾತ್ರಿ ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದು ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿಕೊಂಡರು. ಮಲೇರಿಯಾ. ಅದರಲ್ಲೂ ಫಾಲ್ಸಿಪಾರಮ್ ಜಾತಿ. ತಡ ಮಾಡಿದರೆ ಮಿದುಳಿಗೇ ಏರುವಂಥದ್ದು.

ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಈಸಿಕೊಂಡ ಮೇಲೆ ನಾನು ಲ್ಯಾಬ್‌ಗೆ ಹೋದೆ. "ಸರ್, ತಮ್ಮನ ರಕ್ತ ನಾನೂ ಒಂದ್ಸಲ ನೋಡಬಹುದಾ?" ಅಂದೆ. ಅಲ್ಲಿದ್ದವರು ಮೈಕ್ರೋಸ್ಕೋಪಿನ ಮುಂದಿದ್ದ ಸ್ಟೂಲ್ ನನ್ನ ಕಡೆ ಸರಿಸಿದರು.

ಮೊದಲು ಬರೀ ಮಂಜು. ಅವರು ತಿರುಪು ತಿರುಗಿಸಿದಂತೆ ಮಸುಕು ಗುಲಾಬಿ ಬಣ್ಣದ ರಕ್ತಕಣಗಳು ಕಂಡವು. ಕೆಲವದರೊಳಗೆ ಸಣ್ಣ ನೀಲಿ ಉಂಗುರ, ಅಂಚಿಗೊಂದು ಕೆಂಪು ಚುಕ್ಕೆ. ಸ್ಲೈಡ್ ಇನ್ನಷ್ಟು ಸರಿಸಿದಾಗ ಬೇರೆಯದೇ ಒಂದು ಸಿಕ್ಕಿತು. ಕುಡುಗೋಲಿನ ಹಾಗೆ ಬಾಗಿತ್ತು, ನಡುವೆ ಕಪ್ಪು ಕಾಳು.

"ಆ ಉಂಗುರದವೇ ಜ್ವರ ತರೋದು. ಈ ಬಾಗಿರೋದು ನಿಮ್ಮ ತಮ್ಮಂಗೆ ಏನೂ ಮಾಡಲ್ಲಮ್ಮ. ಇದು ಸೊಳ್ಳೆಗೆ ಕಾಯ್ತಿದೆ," ಅಂದರು.

ಆಮೇಲೆ ಅವರು ಹೇಳಿದ್ದನ್ನು ಕೇಳುತ್ತಾ ಕೂತುಬಿಟ್ಟೆ. ಸೊಳ್ಳೆ ರೋಗ ಹೊತ್ತು ತರುತ್ತೆ ಅಂತಷ್ಟೇ ನಾವು ಓದಿದ್ದು, ಅಲ್ವಾ? ನಿಜವಾಗಿ ಈ ಪರಾವಲಂಬಿಯ ಗಂಡು ಹೆಣ್ಣು ಕೂಡುವುದೇ ಸೊಳ್ಳೆಯ ಹೊಟ್ಟೆಯಲ್ಲಿ. ನಮ್ಮ ಮೈಯಲ್ಲಿ ಅದು ಒಡೆದು ಒಡೆದು ಹೆಚ್ಚುತ್ತದೆ, ಅಷ್ಟೇ. ಬಾಗಿದ ರೂಪದಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು. ಹೆಣ್ಣು ಅನಾಫಿಲಿಸ್ ಸೊಳ್ಳೆ ರಕ್ತ ಹೀರಿದಾಗ ಅವೂ ಒಳಗೆ ಹೋಗುತ್ತವೆ. ನಮ್ಮ ಮೈಯ ಬಿಸಿ ತಪ್ಪಿದ್ದೇ ಅವಕ್ಕೆ ಸೂಚನೆ. ಕಾಲು ಗಂಟೆಯೊಳಗೆ ಒಂದು ಗಂಡಿನಿಂದ ಎಂಟು ಬಾಲದಂಥ ಎಳೆಗಳು ಚಿಮ್ಮಿ ಹೆಣ್ಣನ್ನು ಹುಡುಕಿಕೊಂಡು ಈಜುತ್ತವೆ. ಕೂಡಿ ಹುಟ್ಟಿದ ಜೀವ ಒಂದು ದಿನದೊಳಗೆ ಹುಳುವಿನ ಆಕಾರ ಪಡೆದು, ಹೊಟ್ಟೆಯ ಗೋಡೆ ತೂರಿ, ಹೊರಮೈಯಲ್ಲಿ ಗುಳ್ಳೆಯಾಗಿ ಕೂರುತ್ತದೆ. ಆ ಗುಳ್ಳೆಯೊಳಗೆ ಸಾವಿರಾರು ಮರಿಗಳು. ಗುಳ್ಳೆ ಒಡೆದರೆ ಅವು ಸೀದಾ ಜೊಲ್ಲುಗ್ರಂಥಿಗೆ. ಇಷ್ಟಕ್ಕೆಲ್ಲ ಸುಮಾರು 10ರಿಂದ 14 ದಿನ ಬೇಕು. ಎಷ್ಟೋ ಸೊಳ್ಳೆಗಳು ಅಷ್ಟು ದಿನ ಬದುಕುವುದೇ ಇಲ್ಲ. ಬದುಕಿ ಉಳಿದದ್ದು ಕಚ್ಚಿದರೆ ಮಾತ್ರ ಕೆಲಸ ಕೆಟ್ಟಿತು.

ಸೊಳ್ಳೆಯ ಹೊಟ್ಟೆ ಗೋಡೆಯ ಮೇಲಿನ ಆ ಗುಳ್ಳೆಯನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಮೊದಲು ಕಂಡಿದ್ದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು. ಹುಸೇನ್ ಖಾನ್ ಎಂಬ ರೋಗಿ ದುಡ್ಡಿಗೆ ಒಪ್ಪಿ ಸೊಳ್ಳೆಗಳಿಂದ ಕಚ್ಚಿಸಿಕೊಂಡಿದ್ದ. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಹುಸೇನ್ ಖಾನನ ಹೆಸರೂ ನಮ್ಮ ಪಾಠದ ಪುಸ್ತಕಗಳಲ್ಲಿ ಇರಬೇಕಿತ್ತು ಅನ್ನಿಸುತ್ತದೆ ನನಗೆ.

ಮಾರನೇ ದಿನ ತಮ್ಮನ ಜ್ವರ ಇಳಿದಿತ್ತು. ಮೂರು ದಿನದ ಮಾತ್ರೆಗಳ ಜೊತೆ ಅವತ್ತು ಇನ್ನೊಂದು ನುಂಗಬೇಕಿತ್ತು, ಪ್ರೈಮಾಕ್ವಿನ್. ಖಾಲಿ ಹೊಟ್ಟೆಗೆ ಬೇಡ ಅಂದಿದ್ದರು. ರೊಟ್ಟಿ ತಿಂದು ಕೂತಿದ್ದವನ ಮುಂದೆ ಅವ್ವ ತಕರಾರು ತೆಗೆದಳು. "ಜ್ವರ ಬಿಟ್ಟೈತಲ್ಲ, ಮತ್ಯಾಕವ್ವ ಈ ಗುಳಿಗಿ?"

"ಇದು ಅವನಿಗಲ್ಲವ್ವ, ಓಣಿಗೆ," ಅಂದೆ. ಉಳಿದ ಮಾತ್ರೆಗಳು ಉಂಗುರಗಳನ್ನು ಕೊಲ್ಲುತ್ತವೆ. ಬಲಿತ ಆ ಬಾಗಿದವುಗಳ ಮೇಲೆ ಅವುಗಳ ಆಟ ಅಷ್ಟಾಗಿ ನಡೆಯಲ್ಲ. ಅವು ರಕ್ತದಲ್ಲಿ ಹಾಗೇ ಓಡಾಡಿಕೊಂಡಿದ್ದರೆ ತಮ್ಮ ಗಟ್ಟಿಮುಟ್ಟಾಗಿ ಕಟ್ಟೆ ಮೇಲೆ ಕೂತಾಗಲೂ ಸೊಳ್ಳೆಗೆ ಸಿಗುತ್ತವೆ. ಪಕ್ಕದ ಮನೆಯ ಬಾಣಂತಿ, ಅವಳ ಕೂಸು, ಇವರಿಗಾಗಿ ಈ ಮಾತ್ರೆ. ಅವ್ವ ಮರುಮಾತಾಡದೆ ನೀರಿನ ಲೋಟ ತಂದಳು. ರಾತ್ರಿ ಸೊಳ್ಳೆಪರದೆಯನ್ನೂ ಅವನಿಗೇ ಕಟ್ಟಿದಳು.

ಆಶಾ ಅಕ್ಕ ಓಣಿಯವರೆಲ್ಲರ ರಕ್ತ ತೆಗೆದುಕೊಂಡರು. ಏನೂ ಸಿಗಲಿಲ್ಲ. ಸ್ವಲ್ಪ ವಾರ ಬಿಟ್ಟು ಮತ್ತೆ ಬಂದಾಗ ಜನ ಬೇಜಾರಾದರು. ಒಂದ್ಸಲ ಚುಚ್ಚಿದ್ದು ಸಾಲದಾ ಅಂತ. ಆಗ ಅವ್ವನೇ ಜಗುಲಿ ಮೇಲೆ ನಿಂತು ಲೆಕ್ಕ ಹೇಳಿದಳು. ಸೊಳ್ಳೆ ಹೊಟ್ಟೆಯಾಗೆ ಎರಡು ವಾರ, ಆಮೇಲೆ ಕಚ್ಚಿಸಿಕೊಂಡೋರ ಮೈಯಾಗೆ ಇನ್ನೊಂದೆರಡು ವಾರ, ಅದಕ್ಕೇ ಈಗ ನೋಡಬೇಕು ಅಂತ. ಬಾಣಂತಿ ಮೊದಲು ಬೆರಳು ಚಾಚಿದಳು. ಆ ಸಲವೂ ಯಾರಲ್ಲೂ ಸಿಗಲಿಲ್ಲ.