ಟರ್ಮಿನಲ್‌ನಲ್ಲಿ ವಹಿವಾಟು, ಫೋನಿನಲ್ಲಿ ಒಪ್ಪಿಗೆ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಮಾಂಡ್ ಲೈನ್‌ನಿಂದಲೇ ಈಥರ್ (ಈಥಿರಿಯಮ್ ಬ್ಲಾಕ್‌ಚೈನ್‌ನ ನಾಣ್ಯ) ಕಳಿಸಬೇಕು, ಆದರೆ ಫೋನಿನಲ್ಲಿ ಒಪ್ಪಿಗೆ ಕೊಡದೆ ಒಂದು ಪೈಸೆಯೂ ಹೊರಗೆ ಹೋಗಬಾರದು. ಅಂಥ ಅಕೌಂಟ್ ಮಾಡಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ನನ್ನ ಉತ್ತರ ಒಂದೇ: ಸೇಫ್ ಸ್ಮಾರ್ಟ್ ಅಕೌಂಟ್ (ಗೊತ್ತುಮಾಡಿದಷ್ಟು ಸಹಿ ಬಿದ್ದರೆ ಮಾತ್ರ ಹಣ ಬಿಡುವ, ಬ್ಲಾಕ್‌ಚೈನ್ ಮೇಲಿನ ಪ್ರೋಗ್ರಾಮ್), ಮೂವರು ಓನರ್‌ಗಳು, ಎರಡು ಸಹಿ. ಒಬ್ಬೊಬ್ಬ ಓನರ್ ಎಂದರೆ ಒಂದೊಂದು ಪ್ರೈವೇಟ್ ಕೀ, ಅಂದರೆ ಸಹಿ ಹಾಕಲು ಬೇಕಾದ ಗುಟ್ಟಿನ ಸಂಖ್ಯೆ. ಒಂದು ಕೀ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಫೋನಿನಲ್ಲಿ, ಮೂರನೆಯದು ಹಾರ್ಡ್‌ವೇರ್ ವಾಲೆಟ್‌ನಲ್ಲಿ ಅಥವಾ ಕಾಗದದ ಮೇಲೆ ಬೀರುವಿನಲ್ಲಿ.

ಎರಡೇ ಕೀ ಸಾಲದೇ ಎಂದು ಕೇಳುತ್ತಾರೆ. ಸಾಲದು. ಇಬ್ಬರೇ ಓನರ್ ಇದ್ದು ಇಬ್ಬರ ಸಹಿಯೂ ಬೇಕೆಂದಿಟ್ಟರೆ, ಫೋನ್ ಕಳೆದ ದಿನವೇ ಹಣ ಶಾಶ್ವತವಾಗಿ ಬೀಗ ಬಿದ್ದಂತೆ. ಓನರ್ ಬದಲಿಸುವುದಕ್ಕೂ ಅಷ್ಟೇ ಸಹಿ ಬೇಕು. ಮೂರನೆಯ ಕೀ ಇದ್ದರೆ ಲ್ಯಾಪ್‌ಟಾಪ್ ಮತ್ತು ಅದು ಸೇರಿ, ಚೇಂಜ್-ಓನರ್ ಕಮಾಂಡ್‌ನಿಂದ ಹಳೆಯ ಫೋನಿನ ವಿಳಾಸ ತೆಗೆದು ಹೊಸದನ್ನು ಹಾಕಬಹುದು.

ಈಗಿರುವ ಮಾಮೂಲಿ ವಾಲೆಟ್ಟನ್ನೇ ಇಐಪಿ-7702 (ಮಾಮೂಲಿ ವಾಲೆಟ್‌ಗೆ ಕೋಡ್ ಜೋಡಿಸಲು ಬಿಡುವ ಈಥಿರಿಯಮ್ ನಿಯಮ) ಬಳಸಿ ಸ್ಮಾರ್ಟ್ ಅಕೌಂಟ್ ಮಾಡಿಕೊಳ್ಳಬಹುದಲ್ಲ ಎಂಬುದು ಅದರ ಬೆನ್ನಿಗೇ ಬರುವ ಮಾತು. 2025ರ ಮೇ ತಿಂಗಳಲ್ಲಿ ಈಥಿರಿಯಮ್‌ನ ಪೆಕ್ಟ್ರಾ ಅಪ್‌ಗ್ರೇಡ್ ಆದಮೇಲೆ ಅದು ಸಾಧ್ಯವೇನೋ ಹೌದು. ಆದರೆ ಅಲ್ಲಿ ಹಳೆಯ ಪ್ರೈವೇಟ್ ಕೀಯ ಅಧಿಕಾರ ಹಾಗೇ ಉಳಿಯುತ್ತದೆ. ಅದು ಕೈಗೆ ಸಿಕ್ಕವನು ನಿಮ್ಮ ಫೋನನ್ನು ಕೇಳುವುದೇ ಇಲ್ಲ. ಈ ಕೆಲಸಕ್ಕೆ ಅದು ಬೇಡ.

ಮೊದಲು ಸೆಪೋಲಿಯಾ ಟೆಸ್ಟ್‌ನೆಟ್‌ನಲ್ಲಿ (ಬೆಲೆಯಿಲ್ಲದ ಈಥರ್ ಓಡಾಡುವ ಪ್ರಯೋಗದ ನೆಟ್‌ವರ್ಕ್) ಮಾಡಿ ನೋಡಿ. ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗೆ ಪಿಪ್‌ನಿಂದ ಸೇಫ್-ಸಿಎಲ್‌ಐ (ಸೇಫ್ ನಡೆಸುವ ಟರ್ಮಿನಲ್ ಉಪಕರಣ) ಹಾಕಿಕೊಂಡರೆ ಅಕೌಂಟ್ ಸೃಷ್ಟಿಸುವ ಸೇಫ್-ಕ್ರಿಯೇಟರ್ ಕೂಡ ಜೊತೆಗೇ ಬರುತ್ತದೆ. ಸೇಫ್-ಕ್ರಿಯೇಟರ್‌ಗೆ ನೋಡ್‌ನ (ಬ್ಲಾಕ್‌ಚೈನ್‌ಗೆ ಸಂಪರ್ಕ ಕೊಡುವ ಸರ್ವರ್) ಯುಆರ್‌ಎಲ್, ಅಕೌಂಟ್ ಸೃಷ್ಟಿಸುವವರ ಪ್ರೈವೇಟ್ ಕೀ, ಮೂರು ಓನರ್ ವಿಳಾಸಗಳು, ಥ್ರೆಶೋಲ್ಡ್ (ಬೇಕಾದ ಸಹಿಗಳ ಸಂಖ್ಯೆ) 2 ಕೊಡಬೇಕು. ಇಲ್ಲಿ ಎರಡು ಕಡೆ ಎಡವುತ್ತಾರೆ. ಕಮಾಂಡಿನಲ್ಲೇ ಬರೆದ ಕೀ ಶೆಲ್ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಗ್ಯಾಸ್‌ಗೆ (ವಹಿವಾಟಿನ ಶುಲ್ಕಕ್ಕೆ) ಬೇಕಾದಷ್ಟು ಮಾತ್ರ ಹಣವಿರುವ, ಓನರ್ ಅಲ್ಲದ, ಬಿಸಾಡುವ ಕೀಯನ್ನೇ ಬಳಸಿ. ಇನ್ನು ಓನರ್‌ಗಳನ್ನು ಬರೆಯಲು ಮರೆತರೆ ಆ ಬಿಸಾಡುವ ಕೀಯೇ ಏಕೈಕ ಓನರ್ ಆಗಿ ಕೂರುತ್ತದೆ. ಸೃಷ್ಟಿಯಾದ ಕೂಡಲೇ ಸೇಫ್-ಸಿಎಲ್‌ಐ ತೆರೆದು ಇನ್ಫೋ ಕಮಾಂಡ್ ಕೊಡಿ. ಓನರ್‌ಗಳು ಮೂರು, ಥ್ರೆಶೋಲ್ಡ್ 2, ಮಾಡ್ಯೂಲ್ (ಅಕೌಂಟಿಗೆ ಜೋಡಿಸುವ ಹೆಚ್ಚುವರಿ ಪ್ರೋಗ್ರಾಮ್) ಪಟ್ಟಿ ಖಾಲಿ, ಇಷ್ಟನ್ನೂ ನೋಡಿದ ಮೇಲೆಯೇ ಹಣ ಹಾಕಿ. ಮಾಡ್ಯೂಲ್ ಒಂದಿದ್ದರೆ ಅದು ಯಾರ ಸಹಿಯೂ ಇಲ್ಲದೆ ಹಣ ಸಾಗಿಸಬಲ್ಲದು.

ಫೋನಿನ ಕೀ ಫೋನಿನಲ್ಲೇ ಹುಟ್ಟಬೇಕು. ಲ್ಯಾಪ್‌ಟಾಪಿನಲ್ಲಿ ಸೃಷ್ಟಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡರೆ ಎರಡು ಕೀ ಇದ್ದೂ ಒಂದೇ ಇದ್ದ ಹಾಗೆ.

ವಹಿವಾಟು ಕಳಿಸುವ ದಾರಿ ಹೀಗೆ. ಲ್ಯಾಪ್‌ಟಾಪಿನ ಓನರ್ ಕೀಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಟ್ಟು, ಲೋಡ್-ಸಿಎಲ್‌ಐ-ಓನರ್ಸ್ ಕಮಾಂಡ್‌ಗೆ ಆ ವೇರಿಯಬಲ್‌ನ ಹೆಸರು ಕೊಡಿ. ಆಮೇಲೆ ಟಿಎಕ್ಸ್-ಸರ್ವಿಸ್ ಮೋಡ್‌ಗೆ (ವಹಿವಾಟನ್ನು ಉಳಿದ ಸಹಿಗಾಗಿ ಸೇಫ್‌ನ ಸರ್ವರ್‌ನಲ್ಲಿ ಕಾಯಿಸುವ ಮೋಡ್) ಹೋಗಿ. ಮಾಮೂಲಿ ಮೋಡ್‌ನಲ್ಲೇ ಉಳಿದರೆ ಸಹಿ ಸಾಲದೆಂದು ಅಲ್ಲೇ ನಿಲ್ಲುತ್ತದೆ, ಫೋನಿಗೆ ಏನೂ ಬರುವುದಿಲ್ಲ. ಸೆಂಡ್-ಈಥರ್ ಕಮಾಂಡ್ ಮೊತ್ತವನ್ನು ವೇಯಲ್ಲಿ (ಈಥರ್‌ನ ಅತಿ ಚಿಕ್ಕ ಭಾಗ) ಕೇಳುತ್ತದೆ: 0.01 ಈಥರ್ ಎಂದರೆ 1ರ ಮುಂದೆ 16 ಸೊನ್ನೆ. ಟೋಕನ್ ಆದರೆ ಅದರದ್ದೇ ದಶಮಾಂಶ ಲೆಕ್ಕ. ಈಥಿರಿಯಮ್‌ನಲ್ಲಿ ಯುಎಸ್‌ಡಿಸಿಗೆ (ಡಾಲರ್ ಬೆಲೆಯ ಟೋಕನ್) 6 ದಶಮಾಂಶ ಸ್ಥಾನ, ಹಾಗಾಗಿ 25 ಯುಎಸ್‌ಡಿಸಿಗೆ 25000000 ಎಂದು ಬರೆಯಬೇಕು.

ಈಗ ಫೋನಿನ ಸೇಫ್ ಆ್ಯಪ್‌ನಲ್ಲಿ ಆ ವಹಿವಾಟು ಬಾಕಿ ಎಂದು ಕಾಣುತ್ತದೆ. ಈ ಏರ್ಪಾಡಿನ ಜೀವ ಇರುವುದೇ ಇಲ್ಲಿ, ಎಲ್ಲರೂ ಅವಸರ ಮಾಡುವುದೂ ಇಲ್ಲಿಯೇ. 2024ರ ಜುಲೈನಲ್ಲಿ ನಮ್ಮ ದೇಶದ ವಜೀರ್‌ಎಕ್ಸ್ ಎಕ್ಸ್‌ಚೇಂಜ್ ಸುಮಾರು 23 ಕೋಟಿ ಡಾಲರ್ ಕಳೆದುಕೊಂಡದ್ದು ಇಂಥದೇ ಬಹುಸಹಿ ಅಕೌಂಟ್‌ನಿಂದ. ಪರದೆಯ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಕಂಪನಿ ಹೇಳಿತು. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಹೋಯಿತು. ಅಲ್ಲಿ ಸಹಿ ಹಾಕುವವರು ನೋಡುತ್ತಿದ್ದ ವೆಬ್ ಪುಟದ ಜಾವಾಸ್ಕ್ರಿಪ್ಟನ್ನೇ ಬದಲಿಸಲಾಗಿತ್ತು. ಎರಡು ಕಡೆಯೂ ಬೇಕಾದಷ್ಟು ಸಹಿಗಳು ಬಿದ್ದವು. ಸಹಿ ಹಾಕಿದವರು ತಾವು ಯಾವುದಕ್ಕೆ ಹಾಕುತ್ತಿದ್ದೇವೆಂದು ತಿಳಿದಿರಲಿಲ್ಲ, ಅಷ್ಟೇ.

ಆದ್ದರಿಂದ ಫೋನಿನಲ್ಲಿ ವಿಳಾಸವನ್ನು ಪೂರ್ತಿ ಓದಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೊಂದುವಂಥ ವಿಳಾಸ ತಯಾರಿಸುವುದು ಕಳ್ಳರಿಗೆ ಸುಲಭ. ಆಪರೇಷನ್ ಎಂಬಲ್ಲಿ 0 ಇರಬೇಕು. 1 ಎಂದರೆ ಡೆಲಿಗೇಟ್‌ಕಾಲ್, ಅಂದರೆ ಹೊರಗಿನ ಕೋಡ್ ನಿಮ್ಮ ಅಕೌಂಟಿನ ಒಳಗೇ ಓಡುತ್ತದೆ. ನೀವೇ ಹಲವು ವಹಿವಾಟುಗಳನ್ನು ಒಟ್ಟುಗೂಡಿಸಿದ್ದರೆ 1 ಬರುವುದು ಸಹಜ. ಆಗ ಗುರಿ ವಿಳಾಸ ಮಲ್ಟಿಸೆಂಡ್ ಕಾಂಟ್ರ್ಯಾಕ್ಟ್‌ನದ್ದೇ ಎಂದು ಖಚಿತ ಮಾಡಿಕೊಳ್ಳಿ. ಟೋಕನ್ ಕಳಿಸುವಾಗ ಗುರಿಯಲ್ಲಿ ಟೋಕನ್ ಕಾಂಟ್ರ್ಯಾಕ್ಟ್ ವಿಳಾಸ, ಮೊತ್ತದಲ್ಲಿ 0 ಕಂಡರೆ ಗಾಬರಿ ಬೇಡ. ಪಡೆಯುವವರ ವಿಳಾಸ ಡೇಟಾದೊಳಗೆ ಇರುತ್ತದೆ, ಅದನ್ನು ಬಿಡಿಸಿ ಓದಿ. ದೊಡ್ಡ ಮೊತ್ತವಾದರೆ ಸೇಫ್ ಕಾಂಟ್ರ್ಯಾಕ್ಟ್‌ನ ಗೆಟ್-ಟ್ರಾನ್ಸಾಕ್ಷನ್-ಹ್ಯಾಶ್ ಫಂಕ್ಷನ್ನನ್ನು ಬೇರೊಂದು ನೋಡ್ ಮೂಲಕ ಕರೆದು, ಬಂದ ಹ್ಯಾಶ್ (ವಹಿವಾಟಿನ ಬೆರಳಚ್ಚಿನಂಥ ಸಂಖ್ಯೆ) ಫೋನಿನಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಹತ್ತು ಮೌಲ್ಯ ತುಂಬುವ ಬೇಸರದ ಕೆಲಸ ಅದು, ಆದರೂ ಮಾಡಿ.

ಫೋನಿನ ಸಹಿ ಬಿದ್ದ ಮೇಲೆ ಲ್ಯಾಪ್‌ಟಾಪಿನಿಂದ ಎಕ್ಸಿಕ್ಯೂಟ್-ಟಿಎಕ್ಸ್ ಕೊಟ್ಟು ಮುಗಿಸಬಹುದು. ಗ್ಯಾಸ್ ಹೋಗುವುದು ಸೇಫ್‌ನಿಂದಲ್ಲ, ಲ್ಯಾಪ್‌ಟಾಪ್ ಕೀಯ ಸ್ವಂತ ವಿಳಾಸದಿಂದ. ಅಲ್ಲಿ ಸ್ವಲ್ಪ ಈಥರ್ ಇಟ್ಟಿರಬೇಕು. ಜಿಎಸ್026 ಎಂಬ ದೋಷ ಬಂದರೆ ಸಹಿ ಓನರ್‌ನದ್ದಲ್ಲ ಎಂದರ್ಥ. ನಾನ್ಸ್ (ವಹಿವಾಟಿನ ಕ್ರಮಸಂಖ್ಯೆ) ಅಥವಾ ನೆಟ್‌ವರ್ಕ್ ಬದಲಾಗಿ ಹ್ಯಾಶ್ ಬೇರೆಯಾದರೂ ಇದೇ ಬರುತ್ತದೆ. ಜಿಎಸ್013 ಬಂದರೆ ಒಳಗಿನ ವಹಿವಾಟು ಸೋತಿದೆ, ಮೊದಲು ಸೇಫ್‌ನ ಬ್ಯಾಲೆನ್ಸ್ ನೋಡಿ. ನಾನ್ಸ್ ಸಾಲಾಗಿಯೇ ನಡೆಯುವುದರಿಂದ 7 ಬಾಕಿ ಇರುವಾಗ 8 ಹೋಗದು. 7 ಬೇಡವಾಗಿದ್ದರೆ ಅದೇ ನಾನ್ಸ್‌ನಲ್ಲಿ ಸೇಫ್‌ನ ಸ್ವಂತ ವಿಳಾಸಕ್ಕೇ 0 ಈಥರ್ ಕಳಿಸಿ ರದ್ದು ಮಾಡಬೇಕು. ಅದಕ್ಕೂ ಎರಡು ಸಹಿ, ಅದಕ್ಕೂ ಗ್ಯಾಸ್.

ಒಂದು ನೆಟ್‌ವರ್ಕ್‌ನಲ್ಲಿ ಸೇಫ್ ಇದೆಯೆಂದರೆ ಇನ್ನೊಂದರಲ್ಲಿ ಅದೇ ವಿಳಾಸದಲ್ಲಿ ಇದೆ ಎಂದಲ್ಲ. 2022ರಲ್ಲಿ ವಿಂಟರ್‌ಮ್ಯೂಟ್ ಎಂಬ ಕ್ರಿಪ್ಟೋ ವಹಿವಾಟು ಕಂಪನಿಯ ಈಥಿರಿಯಮ್ ಸೇಫ್ ವಿಳಾಸಕ್ಕೆ ಆಪ್ಟಿಮಿಸಮ್ ಎಂಬ ಇನ್ನೊಂದು ನೆಟ್‌ವರ್ಕ್‌ನಲ್ಲಿ 2 ಕೋಟಿ ಒಪಿ ಟೋಕನ್ ಬಂದಿತ್ತು. ಅಲ್ಲಿ ಆ ಸೇಫ್ ಇರಲೇ ಇಲ್ಲ, ಬೇರೊಬ್ಬ ಅದನ್ನು ಸೃಷ್ಟಿಸಿ ತನ್ನದಾಗಿಸಿಕೊಂಡ.

ಸರ್ವರ್‌ನಲ್ಲಿ ತಾನಾಗಿ ಓಡುವ ಸ್ಕ್ರಿಪ್ಟ್‌ಗೆ ಮಾತ್ರ ಓನರ್ ಕೀ ಕೊಡಲೇಬೇಡಿ. ಆ್ಯಡ್-ಡೆಲಿಗೇಟ್ ಕಮಾಂಡ್‌ನಿಂದ ಬೇರೊಂದು ಕೀಯನ್ನು ಪ್ರಸ್ತಾಪಿಸುವವರನ್ನಾಗಿ ಸೇರಿಸಿ. ಅದು ವಹಿವಾಟನ್ನು ಸಾಲಿಗೆ ಹಾಕಬಲ್ಲದು, ಆದರೆ ಅದರ ಸಹಿ ಲೆಕ್ಕಕ್ಕಿಲ್ಲ. ಲ್ಯಾಪ್‌ಟಾಪ್ ಮತ್ತು ಫೋನ್ ಎರಡೂ ಒಪ್ಪಬೇಕು. ಸರ್ವರ್‌ಗೆ ಯಾರಾದರೂ ನುಗ್ಗಿದರೂ ಅವರ ಕೈಲಾಗುವುದು ಬಾಕಿ ಪಟ್ಟಿಯಲ್ಲಿ ನಿಮ್ಮ ವಹಿವಾಟಿನಂತೆಯೇ ಕಾಣುವ ಸುಳ್ಳು ವಹಿವಾಟು ತುಂಬುವುದಷ್ಟೇ. ಅಂಥದ್ದು ಕಂಡ ತಕ್ಷಣ ರಿಮೂವ್-ಡೆಲಿಗೇಟ್ ಕೊಟ್ಟು ಆ ಕೀ ತೆಗೆದುಹಾಕಿ, ಪಟ್ಟಿಯಲ್ಲಿ ಉಳಿದ ಯಾವುದಕ್ಕೂ ಸಹಿ ಹಾಕಬೇಡಿ.