ಪಾರ್ಲರ್ ಓನರಿಗೆ ಶಾಲು ಯಾಕೆ ಹೊದಿಸ್ತೀರಿ?

ಪ್ರತಿ ವರ್ಷ ನವೆಂಬರ್‌ನಲ್ಲಿ ನಾವೊಂದಿಷ್ಟು ಜನ ಸೇರಿ ಒಂದು ಚಿಕ್ಕ ಕಾರ್ಯಕ್ರಮ ಮಾಡುತ್ತೇವೆ. ನಾವು ಅಂದರೆ ಬೆಂಗಳೂರಿನ ದಕ್ಷಿಣದ ಕಡೆಯ, ಕೋಲಿನಿಂದ ಬಾಲ್ ಹೊಡೆದು ಟೇಬಲಿನ ಪಾಕೆಟಿಗೆ ಬೀಳಿಸುವ ಸ್ನೂಕರ್ ಆಟದ ಪಾರ್ಲರುಗಳಲ್ಲಿ ಕಾಲೇಜಿನ ದಿನಗಳನ್ನು ಹಾಳು ಮಾಡಿಕೊಂಡು (ಇದು ನಮ್ಮಪ್ಪನ ಮಾತು) ಈಗ ತಲೆ ನೆರೆತಿರುವ ಹದಿನೈದು ಇಪ್ಪತ್ತು ಮಂದಿ. ಸಂಘ ಅಂತೇನೂ ಇಲ್ಲ, ರಿಜಿಸ್ಟ್ರೇಷನ್ ಇಲ್ಲ, ವಾಟ್ಸಾಪ್ ಗ್ರೂಪ್ ಒಂದಿದೆ ಅಷ್ಟೆ. ಒಂದು ಭಾನುವಾರ ಬೆಳಿಗ್ಗೆ ಯಾವುದಾದರೂ ಹೋಟೆಲಿನ ಮಹಡಿ ಮೇಲಿನ ಹಾಲ್ ಹಿಡಿಯುತ್ತೇವೆ. ಇಡ್ಲಿ ವಡೆ ಖಾರಾಬಾತ್ ಆದ ಮೇಲೆ ಮೂರು ಜನರಿಗೆ ಸನ್ಮಾನ. ಒಬ್ಬರು ಆಟಗಾರರು, ಒಬ್ಬರು ಸ್ಕೋರ್ ಹಾಕಿ ಟೇಬಲ್ ನೋಡಿಕೊಳ್ಳುವ ಮಾರ್ಕರ್, ಒಬ್ಬರು ಪಾರ್ಲರ್ ನಡೆಸುವವರು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಭಾಷಣ ಎರಡೇ ನಿಮಿಷ.

ಫೋಟೊ ಹಾಕಿದ ಕೂಡಲೇ ಪ್ರಶ್ನೆ ಶುರು. ಆಟಗಾರನಿಗೆ ಸರಿ, ಮಾರ್ಕರ್ ಬಡವ, ಅವನಿಗೂ ಆಗಲಿ, ಈ ಪಾರ್ಲರ್ ಓನರಿಗೆ ಯಾಕ್ರೀ ಶಾಲು? ಗಂಟೆಗಿಷ್ಟು ಅಂತ ದುಡ್ಡು ತಗೊಂಡು ಟೇಬಲ್ ಕೊಟ್ಟವನು ತಾನೆ? ನನ್ನ ಭಾಮೈದ ಒಂದು ಹೆಜ್ಜೆ ಮುಂದೆ ಹೋಗಿ, "ಭಾವ, ಹಾಗಾದ್ರೆ ಬಾಡಿಗೆ ಸೈಕಲ್ ಅಂಗಡಿಯವನಿಗೂ ಪೇಟ ತೊಡಿಸ್ತೀರಾ?" ಅಂತ ಕೇಳಿದ. ನಗು ಬಂತು. ಆದರೆ ಎಂಟು ವರ್ಷದಿಂದ ಇದೇ ಪ್ರಶ್ನೆಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದು ಸಲ ಬರೆದು ಮುಗಿಸಿಬಿಡೋಣ ಅಂತ ಕೂತಿದ್ದೇನೆ.

ಮೊದಲು ಟೇಬಲ್ ಬಗ್ಗೆ ಹೇಳಬೇಕು, ಯಾಕಂದ್ರೆ ಅದನ್ನು ಸೈಕಲ್ ಜೊತೆ ಹೋಲಿಸಿದವರು ಅದನ್ನು ಎತ್ತಿ ನೋಡಿಲ್ಲ. ಪೂರ್ತಿ ಅಳತೆಯ ಸ್ನೂಕರ್ ಟೇಬಲ್ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಹಸಿರು ಬಟ್ಟೆಯ ಕೆಳಗಿರುವುದು ಮರ ಅಲ್ಲ, ಕಲ್ಲು. ಐದು ತುಂಡು ಸ್ಲೇಟ್ ಕಲ್ಲನ್ನು ಪಕ್ಕಪಕ್ಕ ಕೂರಿಸಿ, ಸಂದು ತುಂಬಿ, ಲೆವೆಲ್ ನೋಡಿ, ಅದರ ಮೇಲೆ ಉಣ್ಣೆ ಬಟ್ಟೆ ಎಳೆದು ಬಿಗಿಯುತ್ತಾರೆ. ಒಟ್ಟು ಒಂದು ಟನ್ನಿಗಿಂತ ಜಾಸ್ತಿ ತೂಕ. ಇಂಥದ್ದನ್ನು ಒಂದು ಕಡೆ ಕೂರಿಸಿದ ಮೇಲೆ ಕಟ್ಟಡದ ಓನರ್ ಬಾಡಿಗೆ ಏರಿಸಿದ ಅಂತ ಮರುದಿನ ಎತ್ತಿಕೊಂಡು ಹೋಗೋಕಾಗಲ್ಲ. ಟೇಬಲ್ ಹಾಕಿದವನು ಅಲ್ಲೇ ಸಿಕ್ಕಿಹಾಕಿಕೊಂಡ ಅಂತಲೇ ಅರ್ಥ.

ಇನ್ನು ಬಟ್ಟೆ. ಅದಕ್ಕೆ ಬೆಕ್ಕಿನ ಮೈಮೇಲಿನ ಹಾಗೆ ಒಂದೇ ಕಡೆಗೆ ಮಲಗಿದ ರೋಮ ಇರುತ್ತದೆ. ಬಾಕ್ ಕಡೆಯಿಂದ, ಅಂದರೆ ಆಟ ಶುರು ಮಾಡುವ ತುದಿಯಿಂದ, ಕಪ್ಪು ಬಾಲ್ ಇಡುವ ತುದಿಯ ಕಡೆಗೆ. ದಿನಾ ಬೆಳಿಗ್ಗೆ ಅದೇ ದಿಕ್ಕಿನಲ್ಲಿ ಬ್ರಷ್ ಹಾಕಬೇಕು, ಆಮೇಲೆ ಇಸ್ತ್ರಿ. ಹೌದು, ಇಸ್ತ್ರಿ. ಅದಕ್ಕೇ ಅಂತ ಬೇರೆ ಪೆಟ್ಟಿಗೆ ಬರುತ್ತದೆ, ಶಾಖ ಸ್ವಲ್ಪ ಜಾಸ್ತಿಯಾದರೆ ಬಟ್ಟೆ ಕೆಂಪಾಗುತ್ತದೆ. ಮಳೆಗಾಲದಲ್ಲಿ ಬಟ್ಟೆ ತೇವ ಎಳೆದುಕೊಂಡು ಟೇಬಲ್ ಮಂಕಾಗುತ್ತದೆ, ನಿನ್ನೆ ಸರಾಗವಾಗಿ ಉರುಳಿದ ಬಾಲ್ ಇವತ್ತು ಪಾಕೆಟ್ ಬಾಯಲ್ಲಿ ಬಂದು ನಿಲ್ಲುತ್ತದೆ. ದೊಡ್ಡ ಟೂರ್ನಮೆಂಟುಗಳಲ್ಲಿ ಟೇಬಲ್ ಕೆಳಗೆ ಹೀಟರ್ ಹಾಕಿರುತ್ತಾರೆ. ನಮ್ಮ ಪಾರ್ಲರುಗಳಲ್ಲಿ ಎಲ್ಲಿಂದ ಬರಬೇಕು? ಬೇಸ್‌ಮೆಂಟಿಗೆ ನೀರು ನುಗ್ಗದೆ ಇದ್ದರೆ ಅದೇ ಪುಣ್ಯ.

ನಾನು ಹದಿನೇಳನೇ ವಯಸ್ಸಿನಲ್ಲಿ ಈ ಬಟ್ಟೆ ಹರಿದಿದ್ದೇನೆ. ಹೊಸ ಬಟ್ಟೆ, ಹಾಕಿಸಿ ವಾರವೂ ಆಗಿರಲಿಲ್ಲ. ಕ್ಯೂ, ಅಂದರೆ ಹೊಡೆಯುವ ಕೋಲು, ನೆಟ್ಟಗೆ ನಿಲ್ಲಿಸಿ ಬಾಲನ್ನು ಸುತ್ತಿಸಿ ಹೊಡೆಯುವ ಶಾಟ್ ಒಂದಿದೆ, ಟೀವಿಯಲ್ಲಿ ನೋಡಿದ್ದೆ, ಜೊತೆಗಿದ್ದ ಹುಡುಗರ ಮುಂದೆ ತೋರಿಸೋಕೆ ಹೋದೆ. ಚರ್ರ್ ಅಂತ ಸದ್ದು ಬಂತು. ಇಡೀ ಪಾರ್ಲರ್ ಸುಮ್ಮನಾಯಿತು. ಓನರ್ ಕೌಂಟರಿನಿಂದ ಎದ್ದು ಬಂದರು, ಬೆರಳಲ್ಲಿ ಸೀಳನ್ನು ಸವರಿದರು, ನನ್ನ ಮುಖ ನೋಡಿದರು. "ಮನೇಲಿ ಹೇಳಬೇಡ. ತಿಂಗಳಿಗೆ ಇಷ್ಟು ಅಂತ ಕೊಡು" ಅಂದರು. ಬೈಗುಳ ಒಂದೂ ಇಲ್ಲ. ಮರುದಿನ ಹೋಗೋಕೆ ನಾಚಿಕೆಯಾಗಿ ವಾರ ಬಿಟ್ಟು ಹೋದರೆ, "ಯಾಕೋ ಬರಲಿಲ್ಲ, ಜ್ವರಾನಾ?" ಅಂತ ಕೇಳಿದರು. ಆ ಸೀಳಿಗೆ ಹಿಂದಿನಿಂದ ತೇಪೆ ಅಂಟಿಸಿ ಎರಡು ವರ್ಷ ಓಡಿಸಿದರು. ಆ ಜಾಗದಲ್ಲಿ ಬಾಲ್ ಸಣ್ಣಗೆ ಕುಣಿಯುತ್ತಿತ್ತು, ಅಲ್ಲಿ ಯಾರ ಶಾಟ್ ತಪ್ಪಿದರೂ ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು.

ಈ ಆಟದ ಹೆಸರಿನಲ್ಲೇ ಒಂದು ತಮಾಷೆ ಇದೆ. ಸ್ನೂಕರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, ನಮ್ಮ ಜಬಲ್ಪುರದ ಸೇನೆಯ ಮೆಸ್ಸಿನಲ್ಲಿ, 1875ರಲ್ಲಿ. ನೆವಿಲ್ ಚೇಂಬರ್ಲೇನ್ ಅನ್ನುವ ಯುವ ಅಧಿಕಾರಿ, ಪ್ರಧಾನಿಯಾದ ಚೇಂಬರ್ಲೇನ್ ಅಲ್ಲ, ಬೇರೆಯವರು, ಮಳೆಗಾಲದಲ್ಲಿ ಮಾಡೋಕೆ ಕೆಲಸ ಇಲ್ಲದೆ ಬೇರೆ ಬೇರೆ ಬಣ್ಣದ ಬಾಲುಗಳನ್ನು ಸೇರಿಸಿ ಆಡಿದ ಆಟ. ಆಮೇಲೆ 1882ರ ಹೊತ್ತಿಗೆ ಊಟಿ ಕ್ಲಬ್ಬಿನಲ್ಲಿ ಅದರ ನಿಯಮ ಬರೆದು ಗೋಡೆಗೆ ತೂಗುಹಾಕಿದರು. ಬಂಡೀಪುರ ದಾಟಿ ಘಾಟಿ ಹತ್ತಿದರೆ ಸಿಗುವ ಅದೇ ಊಟಿ. ಆ ಕಾಲದಲ್ಲಿ 'ಸ್ನೂಕರ್' ಅಂದರೆ ಸೇನಾ ಅಕಾಡೆಮಿಗೆ ಆಗಷ್ಟೇ ಸೇರಿದ, ಏನೂ ಬಾರದ ಹೊಸಬ. ಯಾರೋ ಒಬ್ಬರು ಸುಲಭದ ಬಾಲ್ ತಪ್ಪಿಸಿದಾಗ ಚೇಂಬರ್ಲೇನ್ ಅವರನ್ನು ಹಾಗೆ ಕರೆದರಂತೆ, ಅದೇ ಆಟಕ್ಕೆ ಹೆಸರಾಗಿ ಉಳಿಯಿತು. ಅಂದರೆ ಪಾರ್ಲರ್ ನಡೆಸುವವರು ದಿನಾ ಸಾಕುವುದು ಸ್ನೂಕರುಗಳನ್ನೇ. ಬಾಲನ್ನು ಟೇಬಲಿನಿಂದ ಹಾರಿಸುವವರು, ಸೋತಾಗ ಕ್ಯೂ ನೆಲಕ್ಕೆ ಕುಟ್ಟುವವರು, ಟೇಬಲ್ ಅಂಚಿನ ಮೇಲೆ ಕಾಫಿ ಲೋಟ ಇಡುವವರು, ನನ್ನಂಥ ಬಟ್ಟೆ ಹರಿಯುವವರು.

ಇಂಥ ಹೊಸಬರಲ್ಲಿ ಒಬ್ಬ ಒಂದು ದಿನ ಏನಾಗುತ್ತಾನೋ ಯಾರಿಗೆ ಗೊತ್ತು. 1990ರ ಹೊತ್ತಿಗೆ ಕೊಲ್ಲಿಯಲ್ಲಿ ಯುದ್ಧ ಶುರುವಾದಾಗ ಕುವೈತ್ ಬಿಟ್ಟು ಬೆಂಗಳೂರಿಗೆ ಬಂದ ಒಂದು ಕುಟುಂಬ. ಅದರ ಚಿಕ್ಕ ಮಗ, ಕೆಲವು ವರ್ಷದ ಮೇಲೆ, ಹತ್ತು ವರ್ಷದವನಾದಾಗ, ಅಣ್ಣನ ಹಿಂದೆ ಸ್ನೂಕರ್ ಪಾರ್ಲರಿಗೆ ಹೋಗಿ ಆಟ ನೋಡುತ್ತಾ ನಿಲ್ಲುತ್ತಿದ್ದ. ಪಂಕಜ್ ಆಡ್ವಾಣಿ. 2003ರಲ್ಲಿ ಚೀನಾದಲ್ಲಿ ಹದಿನೆಂಟನೇ ವಯಸ್ಸಿಗೆ ಸ್ನೂಕರಿನ ವಿಶ್ವ ಚಾಂಪಿಯನ್. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ (ಇಂಥದ್ದೇ ಟೇಬಲಿನ ಮೇಲೆ ಮೂರೇ ಬಾಲಿನಲ್ಲಿ ಆಡುವ ಆಟ) ಎರಡೂ ಬಗೆಯ ವಿಶ್ವ ಪ್ರಶಸ್ತಿ, ಪಾಯಿಂಟಿನ ಲೆಕ್ಕದ್ದೂ ಸಮಯದ ಲೆಕ್ಕದ್ದೂ. 2006 ಮತ್ತು 2010ರ ಏಷ್ಯನ್ ಗೇಮ್ಸ್ ಚಿನ್ನ. 2024ರ ನವೆಂಬರಿನಲ್ಲಿ ದೋಹಾದಲ್ಲಿ ಗೆದ್ದದ್ದು 28ನೇ ವಿಶ್ವ ಪ್ರಶಸ್ತಿ. ಖೇಲ್ ರತ್ನ ಬಂತು, ಪದ್ಮಶ್ರೀ ಬಂತು, 2018ರಲ್ಲಿ ಪದ್ಮಭೂಷಣ ಬಂತು. ಅವರಿಗೆ ಕಲಿಸಿದ ಅರವಿಂದ್ ಸವೂರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಸಿಕ್ಕಿತು, ಅದೂ ನ್ಯಾಯವೇ. ಆಡಿದವರಿಗೆ ಪ್ರಶಸ್ತಿ ಇದೆ, ಕಲಿಸಿದವರಿಗೂ ಇದೆ. ಹತ್ತು ವರ್ಷದ ಹುಡುಗ ದುಡ್ಡು ಕೊಡದೆ ಮೂಲೆಯಲ್ಲಿ ನಿಂತು ನೋಡುತ್ತಿದ್ದರೆ "ಆಡದೆ ಇದ್ರೆ ಆಚೆ ಹೋಗೋ" ಅನ್ನದೆ ಇರುವವರಿಗೆ? ಆಡ್ವಾಣಿಗೆ ಯಾರು ಹಾಗೆ ಜಾಗ ಬಿಟ್ಟರೋ ಅವರೊಬ್ಬರ ಮಾತಲ್ಲ ಇದು. ಅಂಥವರು ಊರ ತುಂಬ ಇದ್ದರು ಅಂತ ಹೇಳುತ್ತಿದ್ದೇನೆ.

ಉಮಾದೇವಿ ಅವರ ಕತೆ ನನಗೆ ಇನ್ನೂ ಇಷ್ಟ. ಸರ್ಕಾರಿ ನೌಕರಿ. ಕಬ್ಬನ್ ಪಾರ್ಕಿನಲ್ಲಿರುವ ಸಚಿವಾಲಯ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡೋಕೆ ಹೋಗುತ್ತಿದ್ದರು. ಒಂದು ದಿನ ಟೇಬಲ್ ಖಾಲಿ ಇರಲಿಲ್ಲ. ಕಾಯುವುದು ಯಾಕೆ ಅಂತ ಬಿಲಿಯರ್ಡ್ಸ್ ಕಡೆ ಹೋದರು. ಆಗ ಅವರಿಗೆ ಮೂವತ್ತರ ಆಸುಪಾಸು. 2012ರಲ್ಲಿ ಮಹಿಳೆಯರ ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್ ಆದರು. ಆ ಪಕ್ಕದ ಟೇಬಲ್ ಬೀಗ ಹಾಕಿದ್ದರೆ, ಅಥವಾ "ಮೇಡಂ, ಇದು ಗಂಡಸರು ಆಡೋದು" ಅಂತ ಯಾರಾದರೂ ಹಲ್ಲು ಕಿರಿದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು, ಅಲ್ವಾ? ಕರ್ನಾಟಕಕ್ಕೆ ಹಾಕಿ ಆಡಿದ್ದ ಚಿತ್ರಾ ಮಗಿಮೈರಾಜ್ ಕೂಡ ಹೀಗೇ ಕ್ಯೂ ಹಿಡಿದು 2006ರಲ್ಲಿ ಅದೇ ವಿಶ್ವ ಪ್ರಶಸ್ತಿ ಗೆದ್ದವರು. ಇವರ ಹೆಸರು ಕೇಳಿದರೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಾಗುತ್ತದೆ ಅಂತ ನಾನು ಕೇಳೋಕೇ ಹೋಗಲ್ಲ, ಸುಮ್ನೆ ಬೇಜಾರು.

ಮರ್ಯಾದೆಯ ವಿಷಯದಲ್ಲಿ ಈ ಆಟದವರಿಗೆ ಮೊದಲಿಂದಲೂ ಒಂದು ನೋವಿದೆ. ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತಾದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದಾಗ ಕ್ರಿಕೆಟ್‌ನಲ್ಲಿ ನಾವು ವಿಶ್ವಕಪ್ ಅಂತ ಕನಸೂ ಕಂಡಿರಲಿಲ್ಲ. ಬಿಲಿಯರ್ಡ್ಸಿನ ಇನ್ನೊಬ್ಬ ಚಾಂಪಿಯನ್ ಮೈಕೆಲ್ ಫೆರೇರಾ 1981ರಲ್ಲಿ ಪದ್ಮಶ್ರೀ ಬೇಡ ಅಂದರು. ಗವಾಸ್ಕರ್‌ಗೆ ಪದ್ಮಭೂಷಣ, ವಿಶ್ವ ಚಾಂಪಿಯನ್ ಆದ ನನಗೆ ಯಾಕೆ ಕೆಳಗಿನದು ಅನ್ನೋದು ಅವರ ಪ್ರಶ್ನೆ. 1983ರಲ್ಲಿ ಪದ್ಮಭೂಷಣವೇ ಬಂತು. ಅಹಂಕಾರ ಅಂದವರೂ ಇದ್ದರು. ನನಗೆ ಹಾಗೆ ಅನ್ನಿಸಲ್ಲ. ಆದರೆ ಫೆರೇರಾಗೆ ಬೇಡ ಅನ್ನೋಕೆ ಒಂದು ಪ್ರಶಸ್ತಿಯಾದರೂ ಬಂದಿತ್ತು, ನಮ್ಮ ಮಾರ್ಕರುಗಳಿಗೆ ಅದೂ ಇಲ್ಲ.

ಮಾರ್ಕರ್ ಅಂದರೆ ಯಾರು ಅಂತ ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ. ಬೋರ್ಡಿನಲ್ಲಿ ಸ್ಕೋರ್ ಹಾಕುವವರು, ಬಾಲ್ ಎತ್ತಿ ಅದರದರ ಜಾಗದಲ್ಲಿ ಇಡುವವರು, ಬ್ರಷ್ ಹಾಕುವವರು, ಕ್ಯೂ ತುದಿಗೆ ಹೊಸ ಟಿಪ್ ಅಂಟಿಸಿ ಉಜ್ಜಿ ಕೊಡುವವರು. ಹಳೇ ಕ್ಲಬ್ಬುಗಳಲ್ಲಿ ಅವರು ಸಾಹೇಬರ ಜೊತೆ ಆಡುತ್ತಿದ್ದದ್ದು ಸಾಹೇಬರಿಗೆ ಜೊತೆ ಸಿಗದಾಗ ಮಾತ್ರ. ಗೆಲ್ಲುವುದೂ ಕಷ್ಟ, ಸೋಲುವುದೂ ಕಷ್ಟ. ನಮಗೆ ಆಟ ಕಲಿಸಿದ ಮಾರ್ಕರ್ ಒಬ್ಬರಿದ್ದರು, ಯಾವ ಕೋಚಿಂಗ್ ಸರ್ಟಿಫಿಕೇಟೂ ಇಲ್ಲ. ಅವರು ಹೇಳಿದ ಒಂದು ಮಾತು ಮೂವತ್ತು ವರ್ಷದಿಂದ ಕಿವಿಯಲ್ಲಿದೆ: "ಬಾಲ್ ಹೋಗುತ್ತೋ ಇಲ್ವೋ ನೋಡೋಕೆ ತಲೆ ಎತ್ತುತ್ತೀರಿ ಸಾರ್, ಅದಕ್ಕೇ ಹೋಗಲ್ಲ." ನಾನು ಈಗಲೂ ತಲೆ ಎತ್ತುತ್ತೇನೆ.

ಈಗ ಎದುರು ವಾದಕ್ಕೆ ಬರೋಣ, ಅದೂ ಸುಳ್ಳಲ್ಲ. ಪಾರ್ಲರ್ ಅಂದರೆ ಸಿಗರೇಟು ಹೊಗೆ, ಬೆಟ್ಟಿಂಗ್, ಕಾಲೇಜು ತಪ್ಪಿಸಿದ ಹುಡುಗರು. ಅಂಥ ಜಾಗಗಳು ಇದ್ದವು, ಈಗಲೂ ಇವೆ. ಫ್ರೇಮಿನ ಮೇಲೆ, ಅಂದರೆ ಒಂದೊಂದು ಆಟದ ಮೇಲೆ, ದುಡ್ಡು ಕಟ್ಟಿ ಗಾಡಿ ಕಳೆದುಕೊಂಡವನನ್ನು ಕಣ್ಣಾರೆ ನೋಡಿದ್ದೇನೆ. ಹಾಗೆ ಆಡಿಸಿ ದುಡ್ಡು ಮಾಡಿದ ಓನರುಗಳಿಗೆ ನಾವು ಶಾಲು ಹಾಕಲ್ಲ, ಅವರಿಗೆ ಬೇಕೂ ಇಲ್ಲ. ನಾವು ಹುಡುಕುವುದು ಬೇರೆಯವರನ್ನು. ಬಾಜಿ ಕಟ್ಟಿದರೆ ಲೈಟ್ ಆರಿಸಿದವರು. ಯೂನಿಫಾರ್ಮ್ ಹಾಕಿಕೊಂಡು ಬಂದರೆ ಬಾಗಿಲಲ್ಲೇ ತಡೆದು "ಸಂಜೆ ಬಾ" ಅಂದವರು. ಚೆನ್ನಾಗಿ ಆಡುವ ಹುಡುಗನ ಕೈಲಿ ದುಡ್ಡಿಲ್ಲ ಅಂತ ಗೊತ್ತಾದರೆ ಮಧ್ಯಾಹ್ನ ಖಾಲಿ ಟೇಬಲಿನ ಮೇಲೆ ಲೈಟ್ ಹಾಕಿಕೊಟ್ಟು, ಬದಲಿಗೆ ಟೇಬಲಿಗೆ ಬ್ರಷ್ ಹಾಕು ಅಂದವರು. ಆಯ್ಕೆ ಮಾಡೋಕೆ ನಮ್ಮ ಹತ್ತಿರ ಒಂದೇ ಅಳತೆಗೋಲು: ಇವರ ಪಾರ್ಲರಿಗೆ ನಿಮ್ಮ ಮಗಳನ್ನು ಒಬ್ಬಳನ್ನೇ ಕಳಿಸುತ್ತೀರಾ? ಕಳಿಸುತ್ತೇನೆ ಅಂತ ಮೂವರು ಹೇಳಿದರೆ ಹೆಸರು ಪಟ್ಟಿಗೆ ಹೋಗುತ್ತದೆ.

ಪಟ್ಟಿ ವರ್ಷ ವರ್ಷ ಚಿಕ್ಕದಾಗುತ್ತಿದೆ. 2020ರಲ್ಲಿ ಬಾಗಿಲು ಮುಚ್ಚಿದವರಲ್ಲಿ ನಮಗೆ ಗೊತ್ತಿದ್ದ ನಾಲ್ವರು ಮತ್ತೆ ತೆಗೆಯಲೇ ಇಲ್ಲ. ಆಟ ನಿಂತರೂ ಬಾಡಿಗೆ ನಿಲ್ಲಲಿಲ್ಲವಲ್ಲ. ಒಬ್ಬರು ಟೇಬಲಿನ ಕಲ್ಲನ್ನು ತುಂಡು ಲೆಕ್ಕದಲ್ಲಿ ಮಾರಿದರು. ಅದರಲ್ಲಿ ಒಂದು ಈಗ ಯಾರದೋ ಅಡುಗೆಮನೆ ಕಟ್ಟೆಯಾಗಿದೆಯಂತೆ. ಚಪಾತಿ ಲಟ್ಟಿಸೋಕೆ ಅಷ್ಟು ಸಮತಟ್ಟಾದ ಕಲ್ಲು ಬೆಂಗಳೂರಿನಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ.

ಹೋದ ವರ್ಷ ನಾವು ಸನ್ಮಾನ ಮಾಡಿದ್ದು ನಾನು ಟೇಬಲ್ ಬಟ್ಟೆ ಹರಿದಿದ್ದ ಪಾರ್ಲರಿನ ಓನರಿಗೆ. ಎಪ್ಪತ್ತು ದಾಟಿದೆ, ಎರಡು ಟೇಬಲ್ ಉಳಿಸಿಕೊಂಡಿದ್ದಾರೆ. ಪೇಟ ಬೇಡ, ತಲೆ ಬೆವರುತ್ತೆ ಅಂದರು. ಮಾತಾಡಿ ಅಂದರೆ ಮೈಕ್ ಮುಂದೆ ನಿಂತು, "ಹನ್ನೊಂದಕ್ಕೆ ಪಾರ್ಲರ್ ತೆಗೀಬೇಕು, ಹುಡುಗರು ಕಾಯ್ತಾ ಇರ್ತಾರೆ" ಅಂತ ಅಷ್ಟೇ ಹೇಳಿ ಕೂತರು. ಅವರನ್ನು ಬಿಡೋಕೆ ಸ್ಕೂಟರಿನಲ್ಲಿ ನಾನೇ ಹೋದೆ. ಕೌಂಟರಿನ ಕೆಳಗಿನಿಂದ ಒಂದು ಹಳೇ ನೋಟ್‌ಬುಕ್ ತೆಗೆದರು. ಸಾಲದ ಪುಸ್ತಕ. ನನ್ನ ಹೆಸರಿನ ಮುಂದೆ 84 ರೂಪಾಯಿ ಬಾಕಿ, ಡಿಗ್ರಿ ಮುಗಿಸಿದ ವರ್ಷದ್ದು. ಬಟ್ಟೆಯ ಕಂತು ಅಲ್ಲ, ಅದು ತೀರಿತ್ತು. ಬರೀ ಆಟದ ದುಡ್ಡು. ನಾನು ನೂರರ ನೋಟು ಕೊಟ್ಟೆ. ಚಿಲ್ಲರೆ ಇಲ್ಲ, ಅದಕ್ಕೆ ಒಂದು ಫ್ರೇಮ್ ಆಡೋಣ ಬಾ ಅಂತ ಶಾಲು ಮಡಚಿ ಕ್ಯೂ ಸ್ಟ್ಯಾಂಡಿನ ಮೇಲೆ ಹಾಕಿದರು.

ಪಾರ್ಲರುಗಳಲ್ಲಿ ಸೋತವರು ಟೇಬಲ್ ದುಡ್ಡು ಕೊಡಬೇಕು, ಗೊತ್ತಲ್ಲ. ಇನ್ನೊಂದು ನೂರು ಕೊಟ್ಟು ಬಂದೆ.