ಎಷ್ಟು ದಿನದ ಬೋಟು?

ಬೆಂಗಳೂರಿನ ಒಂದು ಕರಾವಳಿ ಊಟದ ಹೋಟೆಲಿನಲ್ಲಿ ಮೀನು ಖರೀದಿ ನೋಡಿಕೊಳ್ಳುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ಊರು ಕುಂದಾಪುರದ ಕಡೆ. ಮೀನಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅನ್ನುವ ಧಿಮಾಕು ಮೊದಲಿಂದಲೂ ಇತ್ತು. ಅದು ಇಳಿದದ್ದು ಒಂದು ಏಪ್ರಿಲ್ ಮಧ್ಯಾಹ್ನ, ನಮ್ಮದೇ ಸಿಬ್ಬಂದಿಯ ಊಟದ ಹೊತ್ತಿನಲ್ಲಿ.

ಅವತ್ತು ಬೆಳಿಗ್ಗೆ ಮಲ್ಪೆಯಿಂದ ಬಂದ ಎರಡು ಥರ್ಮಾಕೋಲ್ ಪೆಟ್ಟಿಗೆ ಬಂಗುಡೆಯನ್ನು ಹುಡುಗರು ಹಿಂಬಾಗಿಲ ಗೋಡೆಗೆ ಒರಗಿಸಿಟ್ಟಿದ್ದರು. ನಾನು ತರಕಾರಿಯವನ ಬಿಲ್ಲಿನ ಜೊತೆ ಗುದ್ದಾಡುತ್ತಿದ್ದೆ. ನೆನಪಾಗಿ ಹೋಗಿ ನೋಡುವಾಗ ಎರಡೂವರೆ ತಾಸು ಕಳೆದು ಪೆಟ್ಟಿಗೆಗೆ ಬಿಸಿಲು ಬಿದ್ದಿತ್ತು. ಐಸೆಲ್ಲ ನೀರು. ಮೀನು ಎತ್ತಿ ನೋಡಿದೆ: ಕಣ್ಣು ಪರವಾಗಿಲ್ಲ, ಕಿವಿರು ಕೆಂಪಗೇ ಇದೆ, ವಾಸನೆಯೂ ಇಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಆಗ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. 'ಗಿರಾಕಿಗೆ ಬೇಡ, ನಮ್ಮವರ ಊಟಕ್ಕೆ ಫ್ರೈ ಮಾಡಿ' ಅಂದೆ.

ಊಟವಾಗಿ ಅರ್ಧ ತಾಸಿಗೆ ಮೂವರ ಮುಖ ಕೆಂಪಾಯಿತು. ಮೈ ತುರಿಕೆ, ತಲೆನೋವು. ಒಬ್ಬ ಹುಡುಗ 'ಮೀನು ಯಾಕೋ ನಾಲಿಗೆಗೆ ಚುರುಚುರು ಅಂತಿತ್ತು' ಅಂದ. ಪಕ್ಕದ ಕ್ಲಿನಿಕ್ಕಿಗೆ ಕರೆದುಕೊಂಡು ಓಡಿದೆ. ಡಾಕ್ಟರು ಅಲರ್ಜಿಗೆ ಕೊಡುವ ಮಾತ್ರೆಯನ್ನೇ ಕೊಟ್ಟರು, ಆದರೆ ಇದು ಮೀನಿನ ಅಲರ್ಜಿ ಅಲ್ಲ ಅಂದರು. ಮೂವರೂ ಹುಟ್ಟಿದಾಗಿನಿಂದ ಬಂಗುಡೆ ತಿಂದವರು. ಅಲರ್ಜಿ ಎಲ್ಲಿಂದ ಬರಬೇಕು? ಅದು ಹಿಸ್ಟಮೀನ್, ಅಲರ್ಜಿಯಂಥದೇ ತೊಂದರೆ ಕೊಡುವ ವಸ್ತು. ಬಂಗುಡೆ, ಬೂತಾಯಿ (ಸಾರ್ಡೀನ್), ಕೇದರ್ (ಟ್ಯೂನಾ) ಇಂಥ ಕಪ್ಪು ಮಾಂಸದ ಮೀನುಗಳು ಐಸಿನಿಂದ ಹೊರಗೆ ಉಳಿದರೆ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತವೆ. ಒಮ್ಮೆ ಆಯಿತೆಂದರೆ ಆಯಿತು. ಆಮೇಲೆ ಎಷ್ಟೇ ಕುದಿಸಿ, ಕಾದ ಎಣ್ಣೆಯಲ್ಲಿ ಗರಿಗರಿ ಮಾಡಿ, ಫ್ರೀಜರಿಗೆ ತಳ್ಳಿ, ಹೋಗುವುದಿಲ್ಲ. 'ಚೆನ್ನಾಗಿ ಬೇಯಿಸಿದರೆ ಎಲ್ಲ ಸರಿಹೋಗುತ್ತದೆ' ಎಂಬ ನಮ್ಮಮ್ಮನ ಕಾಲದ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಸಂಜೆಯೊಳಗೆ ಮೂವರೂ ಸರಿಯಾದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಬಿಸಿಲಲ್ಲಿ ಕೂತದ್ದು ಎರಡೂವರೆ ತಾಸು, ಸರಿ. ಬಸ್ಸಿಗೆ ಹಾಕುವ ಮೊದಲು ಆ ಮೀನು ಎಲ್ಲೆಲ್ಲಿ ಎಷ್ಟು ಹೊತ್ತು ಇತ್ತು? ಎಂಟು ವರ್ಷ ಖರೀದಿ ಮಾಡಿದ ಮೇಲೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಫೋನಿನಲ್ಲಿ ಕೇಳುತ್ತಿದ್ದದ್ದು ಎರಡೇ: 'ಅಂಜಲ್ ಇದೆಯಾ? ರೇಟೆಷ್ಟು?'

ಮುಂದಿನ ವಾರ ರಜೆ ಹಾಕಿ ಬಂದರಿಗೆ ಹೋದೆ. ಊರಿನವನಾಗಿದ್ದೂ ಕೊಳ್ಳುವವನ ಕಣ್ಣಿನಿಂದ ದಕ್ಕೆಯನ್ನು ನೋಡಿದ್ದು ಅದೇ ಮೊದಲು. ಆಳ ಸಮುದ್ರದ ಟ್ರಾಲ್ ಬೋಟುಗಳು ಎಂಟು-ಹತ್ತು ದಿನ ಕಡಲಲ್ಲೇ ಇರುತ್ತವೆ. ಮೊದಲ ದಿನ ಸಿಕ್ಕಿದ ಮೀನು ಐಸಿನ ಕೆಳಗೆ, ಕೊನೆಯ ದಿನದ್ದು ಮೇಲೆ. ದಕ್ಕೆಗೆ ಬಂದು ಬುಟ್ಟಿಗೆ ಬಿದ್ದ ಮೇಲೆ ಎಲ್ಲದಕ್ಕೂ ಒಂದೇ ಹೆಸರು, 'ತಾಜಾ'. ಅದೇ ನಾಡದೋಣಿಯವರು ಬೆಳಗಿನ ಜಾವ ಹೋಗಿ ಮಧ್ಯಾಹ್ನದೊಳಗೆ ಬರುತ್ತಾರೆ. ಎರಡೂ ಪೆಟ್ಟಿಗೆ ಒಂದೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಡುತ್ತವೆ. ಇಲ್ಲಿನ ಅಂಗಡಿಯ ಐಸಿನ ಮೇಲೆ ಅಕ್ಕಪಕ್ಕ ಮಲಗುತ್ತವೆ.

ಬಲೆಯ ಲೆಕ್ಕ ಬೇರೆಯೇ. ಟ್ರಾಲ್ ಬಲೆ ಸಮುದ್ರದ ತಳವನ್ನು ಬಳಿದುಕೊಂಡು ಬರುತ್ತದೆ. ಸಿಗಡಿಗೆಂದು ಹಾಕಿದ ಬಲೆಯಲ್ಲಿ ಬೆರಳುದ್ದದ ನೂರು ತರಹದ ಮರಿಗಳು. ಅವಕ್ಕೆ ತಟ್ಟೆಯಲ್ಲಿ ಜಾಗವಿಲ್ಲ. ರಾಶಿ ಹಾಕಿ ಫಿಶ್‌ಮೀಲ್ ಕಾರ್ಖಾನೆಗೆ ಕಳಿಸುತ್ತಾರೆ. ಅಲ್ಲಿ ಪುಡಿಯಾಗಿ ಕೋಳಿಗೆ, ಸಾಕಿದ ಸಿಗಡಿಗೆ ಆಹಾರ. ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ದಕ್ಕೆಯಲ್ಲಿ ಅದರ ಮಾತೆತ್ತಿದರೆ ಇವತ್ತಿಗೂ ಎರಡು ಗುಂಪಾಗುತ್ತದೆ.

ಗಂಗೊಳ್ಳಿಯಲ್ಲಿ ಸಿಕ್ಕಿದ ಮೀನಿನಮ್ಮನ ಮಾತು ನನ್ನನ್ನು ಹೆಚ್ಚು ಕಾಡಿತು. ನಮ್ಮ ಹೋಟೆಲಿನಲ್ಲಿ ಆಗ 'ಇಡೀ ಅಂಜಲ್ ತವಾ ಫ್ರೈ' ಭಾರಿ ಓಡುತ್ತಿತ್ತು. ತಟ್ಟೆಗೆ ಸರಿಹೊಂದುವ ಮೊಳದುದ್ದದ ಅಂಜಲ್ ಬೇಕಿತ್ತು. ಅವರ ಬುಟ್ಟಿಯಲ್ಲಿದ್ದ ಅಷ್ಟನ್ನೂ ಕೇಳಿದೆ. ಮೀನು ಕೈಗೆತ್ತಿಕೊಂಡವರು ಕೊಡಲೂ ಇಲ್ಲ, ಕೆಳಗಿಡಲೂ ಇಲ್ಲ.

"ಕಾಣ್ ಮಗಾ, ಇದ್ ಇನ್ನೂ ಮೊಟ್ಟಿ ಇಡ್ಲಿಲ್ಲ. ನಿಮ್ಮ್ ಪ್ಲೇಟಿಗ್ ಸಮ ಆತ್ತ್ ಅಂದ್ಕಂಡ್ ಎಲ್ಲಾ ತಕಂಡ್ ಹೋರೆ, ಮುಂದಿನ್ ವರ್ಷ ದೊಡ್ದ್ ಎಲ್ಲಿಂದ್ ಬತ್ತ್?"

ಆಮೇಲೆ ಮಾರಿದರು ಅನ್ನಿ. ವ್ಯಾಪಾರ ವ್ಯಾಪಾರವೇ. ಆದರೆ ಅಂಜಲ್ ಮೊಟ್ಟೆಯಿಡುವಷ್ಟು ಬೆಳೆಯುವಾಗ ಹತ್ತಿರ ಹತ್ತಿರ 70 ಸೆಂಟಿಮೀಟರ್ ಆಗಿರುತ್ತದೆ ಎಂದು ತಿಳಿದದ್ದು ಆ ಮಾತಿನ ಬೆನ್ನು ಹಿಡಿದು ಹೋದ ಮೇಲೆ. ಕೇರಳದಲ್ಲಿ ಇಂತಿಷ್ಟು ಉದ್ದಕ್ಕಿಂತ ಚಿಕ್ಕ ಮೀನು ಹಿಡಿಯಬಾರದು ಎಂಬ ಕಾನೂನೇ ಇದೆ: ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ಅಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿದಿತ್ತು. ತಪ್ಪೆಲ್ಲ ಬಲೆಯದೇ ಅಲ್ಲ, ಕಡಲಿನ ಬಿಸಿ ಏರಿಳಿದರೂ ಬೂತಾಯಿ ಜಾಗ ಬಿಡುತ್ತದೆ. ಹಾಗೆ ಕಷ್ಟದಲ್ಲಿರುವ ಮೀನಿನ ಮರಿಗಳನ್ನೂ ಬಾಚಿದರೆ ಅದು ಚೇತರಿಸಿಕೊಳ್ಳುವುದು ಯಾವಾಗ?

ಬೆಂಗಳೂರಿಗೆ ಬಂದು ಧಣಿಗಳ ಹತ್ತಿರ ಹೇಳಿದೆ: ಮೆನು ಕಾರ್ಡಿನಿಂದ ಮೀನಿನ ಹೆಸರು ತೆಗೆಯೋಣ, ಇವತ್ತು ಏನು ಬಂತೋ ಅದನ್ನು ಬೋರ್ಡಿನ ಮೇಲೆ ಬರೆಯೋಣ. ಅವರು ಕನ್ನಡಕ ತೆಗೆದಿಟ್ಟು, 'ಅಂಜಲ್ ಇಲ್ಲದ ಮಂಗಳೂರು ಹೋಟೆಲಾ ಮಾರಾಯ?' ಅಂದರು. ಕೊನೆಗೆ ಅರ್ಧ ಗೆಲುವು. ಇಡೀ ಅಂಜಲ್ ಹೋಯಿತು. ದೊಡ್ಡ ಮೀನು ಬಂದ ದಿನ ಮಾತ್ರ ತುಂಡು. ಮಿಕ್ಕದ್ದು ಬೋರ್ಡಿಗೆ.

ಮೊದಲ ಮೂರು ತಿಂಗಳು ಶನಿವಾರ-ಭಾನುವಾರ ನನಗೆ ಮುಖ ತೋರಿಸಲು ಆಗುತ್ತಿರಲಿಲ್ಲ. ಬಂದವರು ಬೋರ್ಡು ನೋಡಿ, ಮಾಂಜಿ ಇಲ್ವಾ, ಅಂಜಲ್ ಇಲ್ವಾ ಎಂದು ಎದ್ದು ಹೋಗುತ್ತಿದ್ದರು. ಬೂತಾಯಿ ಅಂದರೆ ಬಡವರ ಮೀನು, ಮುಳ್ಳು ಬೇರೆ. ಮಕ್ಕಳಿರುವ ಟೇಬಲ್ಲಿಗೆ ನಡುಮುಳ್ಳು ಎಳೆದು ಕೊಡಲು ಶುರು ಮಾಡಿದ ಮೇಲೆ ಬೂತಾಯಿ ಪುಳಿಮುಂಚಿ ನಿಧಾನಕ್ಕೆ ಹಿಡಿಯಿತು. ಮಳೆಗಾಲ ಮುಗಿದ ಮೇಲಿನ ಕೊಬ್ಬಿದ ಬೂತಾಯಿಗೆ ಈಗ ಫೋನ್ ಮಾಡಿ ಕೇಳುವವರಿದ್ದಾರೆ. ಒಮೆಗಾ-3 ಅಂತ ಸಾವಿರಾರು ರೂಪಾಯಿಯ ಡಬ್ಬಿ ಕೊಳ್ಳುವವರಿಗೆ ನಾನು ತೋರಿಸುವುದು ಇದನ್ನೇ. ಚಿಕ್ಕ ಮೀನಿಗೆ ಆಯಸ್ಸು ಕಡಿಮೆ, ಅದು ತಿನ್ನುವುದೂ ಪಾಚಿಯಂಥ ಸಣ್ಣಪುಟ್ಟದ್ದನ್ನು. ಹಾಗಾಗಿ ಪಾದರಸ ಸೇರಿಕೊಳ್ಳುವುದೂ ಕಡಿಮೆ.

ಪಾದರಸದ ಮಾತು ಬಂದಾಗ ನಮ್ಮೂರಿನವರ ಜೊತೆ ನನಗೆ ಜಗಳ. ಬಾಣಂತಿಗೆ ಹಾಲು ಹೆಚ್ಚಲಿ ಎಂದು ತಾಟೆ ಮೀನಿನ ಸಾರು ಕೊಡುವುದು ಕರಾವಳಿಯ ರೂಢಿ. ತಾಟೆ ಅಂದರೆ ಶಾರ್ಕ್. ಬೇರೆ ಮೀನುಗಳನ್ನು ತಿಂದು ಬದುಕುವ ಮೀನು, ಕೆಳಗಿನವುಗಳ ಪಾದರಸವೆಲ್ಲ ಅದರ ಮೈಯಲ್ಲಿ ಸೇರುತ್ತ ಹೋಗುತ್ತದೆ. ಬಸುರಿಯರು, ಹಾಲೂಡಿಸುವವರು ಶಾರ್ಕ್ ತಿನ್ನಬಾರದು ಎಂದು ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ. ಸಾಲದ್ದಕ್ಕೆ ಹಲವು ಜಾತಿಯ ಶಾರ್ಕ್, ತೊರಕೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ನನ್ನ ತಂಗಿಯ ಬಾಣಂತನದಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. 'ನೀನು ಕುಡಿದ ಹಾಲು ಅದರದ್ದೇ' ಅಂದರು. ಆ ವಾದದಲ್ಲಿ ನಾನು ಗೆಲ್ಲಲಿಲ್ಲ.

ಸಿಗಡಿ ಬಗ್ಗೆ ಜನ ನನ್ನಿಂದ ನಿರೀಕ್ಷಿಸುವುದು 'ಸಮುದ್ರದ್ದೇ ಒಳ್ಳೆಯದು' ಎಂಬ ಮಾತು. ಅಷ್ಟು ಸುಲಭವಿಲ್ಲ. ಸಮುದ್ರದ ಸಿಗಡಿಯ ಜೊತೆ ಎಷ್ಟು ಮರಿಗಳು ಬಂದವು ಅಂತ ಹೇಳಿದೆನಲ್ಲ. ಕಡಲಾಮೆ ತಪ್ಪಿಸಿಕೊಳ್ಳುವ ವ್ಯವಸ್ಥೆ ಬಲೆಗಳಲ್ಲಿ ಇಲ್ಲವೆಂದು ಅಮೆರಿಕ ಭಾರತದ ಕಡಲ ಸಿಗಡಿಗೆ ಬಾಗಿಲು ಹಾಕಿದ್ದೂ ಇದೆ. ಆಂಧ್ರದ ಕೊಳಗಳಿಂದ ಬರುವ ವನಾಮಿ ಎಂಬ ಸಾಕಿದ ಸಿಗಡಿಯಲ್ಲಿ ಆ ತೊಂದರೆ ಇಲ್ಲ, ಅಲ್ಲಿಯ ಭಯ ಆಂಟಿಬಯಾಟಿಕ್. ನಾನು ಲ್ಯಾಬ್ ವರದಿ ಕೊಡುವ ಪೂರೈಕೆದಾರನಿಂದ ಮಾತ್ರ ವನಾಮಿ ತೆಗೆದುಕೊಳ್ಳುತ್ತೇನೆ. ವರದಿ ಕೇಳಿದಾಗ ಇಬ್ಬರು ನಕ್ಕರು, ಮೂರನೆಯವನು ಕಳಿಸಿದ.

ನನ್ನ ಮೆಚ್ಚಿನ ಉತ್ತರ ಮರುವಾಯಿ ಮತ್ತು ಪಚಿಲೆ, ಎರಡೂ ಚಿಪ್ಪಿನೊಳಗಿನ ಜೀವಗಳು. ಅವಕ್ಕೆ ಯಾರೂ ತಿಂಡಿ ಹಾಕಬೇಕಾಗಿಲ್ಲ, ನೀರು ಸೋಸಿಕೊಂಡೇ ಬೆಳೆಯುತ್ತವೆ. ಕೊಲ್ಲಂನ ಅಷ್ಟಮುಡಿ ಹಿನ್ನೀರಿನ ಮರುವಾಯಿಗೆ 2014ರಲ್ಲಿ, ಸಂತತಿ ಉಳಿಯುವಂತೆ ಹಿಡಿಯುತ್ತಾರೆ ಎಂದು ಸಾರುವ ಎಂ.ಎಸ್.ಸಿ. (ಮರೀನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣಪತ್ರ ಸಿಕ್ಕಿತು, ಭಾರತಕ್ಕೆ ಅದು ಮೊದಲನೆಯದು. ಅಲ್ಲಿಯವರು ಡಿಸೆಂಬರಿನಿಂದ ಫೆಬ್ರವರಿವರೆಗೆ, ಅದು ಮರಿ ಮಾಡುವ ಕಾಲದಲ್ಲಿ, ಕೈ ಹಾಕುವುದಿಲ್ಲ. ಒಂದೇ ಎಚ್ಚರಿಕೆ: ಸೋಸಿಕೊಂಡು ಬೆಳೆಯುವ ಜೀವ ಕೊಳಚೆಯನ್ನೂ ಸೋಸಿಕೊಳ್ಳುತ್ತದೆ. ಯಾವ ಹೊಳೆಯದ್ದೆಂದು ಕೇಳದೆ ಕೊಳ್ಳಬೇಡಿ.

ಮಳೆಗಾಲದಲ್ಲಿ ಮೀನು ಕೇಳುವವರು ಜಾಸ್ತಿ. ಆದರೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಇಳಿಯುವಂತಿಲ್ಲ. ಆಗ ಬೆಂಗಳೂರಿನಲ್ಲಿ ಯಾರಾದರೂ 'ಇವತ್ತಿನ ಮಲ್ಪೆ ಅಂಜಲ್' ಅಂದರೆ ನಗು ಬರುತ್ತದೆ. ನಾಡದೋಣಿಯವರದು ಸಿಕ್ಕಿದರೆ ಅದೃಷ್ಟ, ಇಲ್ಲದಿದ್ದರೆ ಜೂನ್ ಮಧ್ಯದ ನಂತರ ಪೂರ್ವ ಕರಾವಳಿಯದು, ಇಲ್ಲವೇ ಫ್ರೀಜರಿನದು. ಸರಿಯಾಗಿ ಫ್ರೀಜ್ ಮಾಡಿದ್ದು ಕೆಟ್ಟದ್ದಲ್ಲ; ಕರಗಿಸಿ ಐಸಿನ ಮೇಲಿಟ್ಟು ತಾಜಾ ಎನ್ನುವುದು ಮೋಸ. ಆ ಎರಡು ತಿಂಗಳು ನಾವು ಒಣಮೀನಿನ ಚಟ್ನಿ, ಕೆರೆಯ ಕಾಟ್ಲಾ ಬರೆಯುತ್ತೇವೆ. ಬೈಯುವವರು ಬೈಯುತ್ತಾರೆ.

ಮನೆಗೆ ಮೀನು ಕೊಳ್ಳುವವರು ಕಣ್ಣು-ಕಿವಿರು ನೋಡಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಅಂಗಡಿಯವರಿಗೆ ಯಾವ ಬಂದರು, ಯಾವ ಬಲೆ, ಎಷ್ಟು ದಿನದ ಬೋಟು ಅಂತ ಕೇಳಿ. ತಿಳಿದವರು ಥಟ್ಟನೆ ಹೇಳುತ್ತಾರೆ, ಕೇಳಿದ್ದಕ್ಕೆ ಖುಷಿಯೂ ಪಡುತ್ತಾರೆ. ಬಂಗುಡೆ, ಬೂತಾಯಿ ಕೊಂಡರೆ ಅದೇ ಚೀಲಕ್ಕೆ ಎರಡು ಹಿಡಿ ಐಸ್ ಹಾಕಿಸಿಕೊಂಡು ನೇರ ಮನೆಗೆ ಹೋಗಿ. ದಾರಿಯಲ್ಲಿ ಕಾಫಿಗೆ ನಿಲ್ಲಬೇಡಿ.

ಹೋದ ವಾರ ಮಧ್ಯಾಹ್ನ ಒಬ್ಬರು ಹೆಂಗಸು ಬೋರ್ಡು ಓದಿ, ಕಾಣೆ ರವಾ ಫ್ರೈ ಹೇಳುವ ಮೊದಲು ಸಪ್ಲೈಯರನ್ನು ಕೇಳಿದರಂತೆ: 'ಇದು ಎಷ್ಟು ದಿನದ ಬೋಟಿಂದು?' ಹುಡುಗ ಅಡುಗೆಮನೆಗೆ ಓಡಿ ಬಂದ. ನಾನು ಭಟ್ಟರ ಮುಖ ನೋಡಿದೆ, ಭಟ್ಟರು ನನ್ನ ಮುಖ ನೋಡಿದರು. ಆ ಬೆಳಿಗ್ಗೆ ಅವಸರದಲ್ಲಿ ನಾನೇ ಕೇಳಿರಲಿಲ್ಲ. ಮಲ್ಪೆಗೆ ಫೋನ್ ಹಾಕಿದೆ. ಏಳು ದಿನ ಅಂದರು. ಹಾಗೇ ಹೇಳಿ ಕಳಿಸಿದೆ. ಅವರು ಬೂತಾಯಿ ತರಿಸಿಕೊಂಡರು.